ಪಡಾ ಭೂಮಿ ಅಂದವರು ಯಾರು?

ನಾವು ಮನ್ಯಾಗ ಹಾಕ್ಕೊಳ್ಳೋ ರೇಯಾನ್ ನೈಟಿ ಹತ್ತೀದಲ್ಲ, ಅಕ್ಕಂದಿರ್ರಾ. ಅದು ಕಟಗೀದು. ಮರ ಕಡದು, ಬೇಯಿಸಿ, ತಿರುಳು ಮಾಡಿ, ಆ ತಿರುಳಿನಿಂದ ನೂಲು ತಗೀತಾರ. ಅಂಥಾ ತಿರುಳು ಮಾಡೋ ಕಾರ್ಖಾನಿ ನಮ್ಮ ಕಡೆ ತುಂಗಭದ್ರಾ ದಂಡಿಮ್ಯಾಲ ಐತಿ, ಹರಿಹರ ಪಾಲಿಫೈಬರ್ಸ್. ಅದಕ್ಕ ಕಟಗಿ ಎಲ್ಲಿಂದ ಬರಬೇಕು ಅನ್ನೋದ್ರಿಂದ ಹುಟ್ಟಿದ ಜಗಳದ ಕಥಿ ಇದು.

1984ರಾಗ ಸರ್ಕಾರ ಮತ್ತ ಆ ಕಂಪನಿ ಕೂಡಿ ‘ಕರ್ನಾಟಕ ಪಲ್ಪ್‌ವುಡ್’ ಅಂತ ಇನ್ನೊಂದು ಕಂಪನಿ ಕಟ್ಟಿದ್ರು. ಸುಮಾರು 30,000 ಹೆಕ್ಟೇರ್, ಅಂದ್ರ ನಮ್ಮ ಲೆಕ್ಕದಾಗ 75,000 ಎಕರೆ ಸರ್ಕಾರಿ ಭೂಮಿ ಅದಕ್ಕ ಕೊಟ್ಟು ನೀಲಗಿರಿ ಬೆಳಿಯೋದು ಅಂತ ಠರಾವಾತು. ಕಾಗದದಾಗ ಆ ಭೂಮಿಗೆ ‘ಸಿ’ ಮತ್ತ ‘ಡಿ’ ದರ್ಜೆ ಅಂತ ಹೆಸರು. ಯಾತಕ್ಕೂ ಬಾರದ ಪಡಾ ಅಂತ ಲೆಕ್ಕ.

ಪಡಾ ಅಂದವರು ಒಂದು ದಿನಾನೂ ಒಲಿ ಊದಿರಲಿಕ್ಕಿಲ್ಲ! ಹಳ್ಳಿಗೆ ಗ್ಯಾಸ್ ಬರದ ಕಾಲ ಅದು. ಒಲಿಗೆ ಪುಳ್ಳಿ, ಕುಳ್ಳಿಗೆ ಸಗಣಿ, ದನಕ್ಕ ಹುಲ್ಲು, ಬೇಲಿಗೆ ಮುಳ್ಳು, ಹುಡುಗರ ಬಾಯಿಗೆ ಕಾರಿಹಣ್ಣು, ಕವಳಿಹಣ್ಣು ಎಲ್ಲಾ ಇಂಥಾ ಭೂಮ್ಯಾಗಿಂದನ ಬರೂದು. ಗೇಣು ಹೊಲ ಇಲ್ಲದಾಕಿ ನಾಕು ಆಡು ಸಾಕತಿದ್ಲಂದ್ರ ಅದು ಈ ಪಡಾ ಭೂಮಿ ದಯಾ. ಯಾವುದಕ್ಕೂ ರೊಕ್ಕ ಕೊಟ್ಟಿದ್ದಿಲ್ಲ ನೋಡ್ರಿ, ಹಂಗಾಗಿ ಯಾವ ಕಚೇರಿ ಖಾತೆದಾಗೂ ಅದು ಬರೂದಿಲ್ಲ. ನೀಲಗಿರಿ ಸೊಪ್ಪು ಅಂತೂ ದನಾ ಮೂಸಿ ಸುದ್ದಾ ನೋಡೂದಿಲ್ಲ. ಭೂಮಿ ಹ್ವಾದ್ರ ಪುಳ್ಳಿಗೆ ಇನ್ನೂ ದೂರ ನಡಿಯಾಕಿ ಯಾರು? ಹೆಂಗಸು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನ ಹಿಡಕೊಂಡು ಸುಪ್ರೀಂ ಕೋರ್ಟಿಗೆ ಹೋತು. ಶಿವರಾಮ ಕಾರಂತರೂ ಅರ್ಜಿದಾರರಾಗಿದ್ರು. ಇನ್ನಷ್ಟು ಭೂಮಿ ಕೊಡಬಾರದು ಅಂತ 1987ರ ಮಾರ್ಚದಾಗ ತಡೆ ಬಂತು. ಆದ್ರ ಮೊದಲ ಕೊಟ್ಟ ಭೂಮ್ಯಾಗ ನೀಲಗಿರಿ ಹಚ್ಚೋದು ನಿಲ್ಲಲಿಲ್ಲ.

ಅದ ವರ್ಷ ನವೆಂಬರ್ 14ಕ್ಕ ಕುಸನೂರಾಗ (ಈಗ ಹಾವೇರಿ ಜಿಲ್ಲಾ, ಆಗ ಧಾರವಾಡ) ಸುಮಾರು ಎರಡು ಸಾವಿರ ಮಂದಿ ಕೂಡಿದ್ರು. ಗಂಡಸರು, ಹೆಂಗಸರು, ಹುಡುಗರು ಎಲ್ಲಾರೂ. ಯಾರ ಮ್ಯಾಲೂ ಕೈ ಮಾಡೂದಿಲ್ಲ ಅಂತ ಮೊದಲ ಆಣಿ ಮಾಡಿ, ನೂರರಷ್ಟು ನೀಲಗಿರಿ ಸಸಿ ಕಿತ್ತರು. ಬರೇ ಕಿತ್ತು ಮನಿಗೆ ಬರಲಿಲ್ಲ. ಆ ಜಾಗಾದಾಗ ಹಣ್ಣಿಗೆ, ಮೇವಿಗೆ ಆಗೋ ನಮ್ಮ ಊರ ಗಿಡಾ ಹಚ್ಚಿದ್ರು. ಅದಕ್ಕ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಅಂತ ಹೆಸರು. ನಾವು ಗಿಡಾ ನೆಡೂದಿಲ್ಲಲ್ಲ, ಹಚ್ಚತೀವಿ. ಹೆಸರು ಕೇಳಿದ್ರನ ಯಾವ ಸೀಮಿ ಚಳವಳಿ ಅಂತ ಗೊತ್ತಾಗತದ.

ನನ್ನ ಕೇಳಿದ್ರ ಗಿಡದ್ದೇನು ತಪ್ಪಿಲ್ಲ. ತನ್ನ ಹೊಲದಾಗ ರೈತ ನೀಲಗಿರಿ ಹಚ್ಚಿದ್ರ ಅಂವನ ಲಾಭ, ಅಂವನ ಲುಕ್ಸಾನು. ಊರ ಮಂದೀದೆಲ್ಲಾ ತಗೊಂಡು ಒಂದ ಕಾರ್ಖಾನಿಗೆ ಕೊಟ್ಟಿದ್ದು ಬ್ಯಾರೆ ಮಾತು.

1991ರಾಗ ಸರ್ಕಾರ ಆ ಕೂಡು ಕಂಪನಿ ಮುಚ್ಚಿತು. ಮುಂದ 2017ರಾಗ, ಅಂತರ್ಜಲದ ಚಿಂತಿಯಿಂದ, ಹೊಸದಾಗಿ ನೀಲಗಿರಿ ಹಚ್ಚಬಾರದು ಅಂತ ಸರ್ಕಾರನ ಆದೇಶ ತಂತು. ನಿಮ್ಮ ತವರೂರಾಗ ಗಾಯರಾಣ ಇನ್ನೂ ಎಷ್ಟು ಉಳದೈತಿ, ಅಲ್ಲಿಂದ ನಿಮ್ಮವ್ವ ಏನೇನು ತರತಿದ್ರು, ಬರೀರಿ.