ಫಿಲ್ಮ್ ಸ್ಕ್ಯಾನರಿಗೊಬ್ಬ ದುಭಾಷಿ

ಮುಂಬಯಿ ಕನ್ನಡಿಗರ ಇತಿಹಾಸವನ್ನು ನಾವು ಬಹುಮಟ್ಟಿಗೆ ಸಂಘಗಳ ನಡಾವಳಿ ಪುಸ್ತಕಗಳಿಂದಲೂ ಸ್ಮರಣ ಸಂಚಿಕೆಗಳಿಂದಲೂ ಬರೆಯುತ್ತ ಬಂದಿದ್ದೇವೆ. ಇನ್ನೊಂದು ಆಕರ ನಮ್ಮ ಮನೆಗಳ ಕಪಾಟಿನಲ್ಲೇ ಇದೆ: ಫೋಟೋ ನೆಗೆಟಿವ್‌ಗಳು. ಹೋಟೆಲು, ಗಿರಣಿ, ಬ್ಯಾಂಕು, ರೈಲ್ವೆಗಳಲ್ಲಿ ದುಡಿಯಲು ಬಂದ ಕುಟುಂಬಗಳು ನಗರದ ಚಾಳುಗಳಿಂದ ಡೊಂಬಿವಲಿಗೆ, ಕಲ್ಯಾಣಕ್ಕೆ, ಅಲ್ಲಿಂದ ಕಸಾರಾ ಮಾರ್ಗದ ಟಿಟ್ವಾಳಾಕ್ಕೆ ಸರಿದಾಗ ಅವೂ ಟ್ರಂಕುಗಳಲ್ಲಿ ಜೊತೆಗೆ ಬಂದವು. ಮದುವೆ, ಯಕ್ಷಗಾನ, ರಾಜ್ಯೋತ್ಸವ, ರಾತ್ರಿಶಾಲೆಯ ಬೀಳ್ಕೊಡುಗೆ, ಎಲ್ಲವೂ 35 ಮಿಲಿಮೀಟರ್ ಅಗಲದ ಪಟ್ಟಿಗಳಲ್ಲಿ ಉಳಿದಿವೆ.

ಅವು ಶಾಶ್ವತವಲ್ಲ. ಅಸಿಟೇಟ್ ತಳದ ಫಿಲ್ಮು ಸೆಕೆಗೂ ತೇವಕ್ಕೂ ಕೊಳೆಯತೊಡಗಿದರೆ ವಿನೆಗರಿನ ಹುಳಿವಾಸನೆ ಬರುತ್ತದೆ. ಬಳಿಕ ಅದು ಸುರುಟಿಕೊಳ್ಳುತ್ತದೆ. ಕಾಳು ನದಿಯ ದಡದ ಟಿಟ್ವಾಳಾದಲ್ಲಿ ಮಳೆಗಾಲದ ನಾಲ್ಕು ತಿಂಗಳು ಬೂಷ್ಟು ಹಿಡಿಯದ ವಸ್ತುವೇ ಅಪರೂಪ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣ, ಬದಲಾಪುರದ ಕಡೆಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಆದುದರಿಂದ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮುಂದೂಡುವಂಥದ್ದಲ್ಲ. ಆದರೆ ಅದಕ್ಕೆಂದೇ ತಯಾರಾದ ಒಳ್ಳೆಯ ಸ್ಕ್ಯಾನರುಗಳಲ್ಲಿ ಹಲವನ್ನು ಇಂದಿನ ಕಂಪ್ಯೂಟರಿಗೆ ಜೋಡಿಸಲು ತಕ್ಕ ಪೋರ್ಟೇ ಇಲ್ಲ.

ಕಾರಣ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1986ರಲ್ಲಿ ಅಮೆರಿಕದ ಮಾನಕವಾದ ಸ್ಕಜಿ ಎಂಬ ಜೋಡಣೆಯಲ್ಲಿ ಒಂದೇ ಸರಪಳಿಗೆ ಏಳು ಸಾಧನಗಳನ್ನು ಕಟ್ಟಬಹುದಿತ್ತು. ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಸರಪಳಿಯ ಕೊನೆಗೆ ಟರ್ಮಿನೇಟರ್ ಬೇಕಿತ್ತು. ಆ ಕಾಲದ ಸ್ಕ್ಯಾನರುಗಳು ಅದನ್ನೇ ನೆಚ್ಚಿದ್ದವು. 1998ರಲ್ಲಿ ಬಂದ ಐಮ್ಯಾಕ್ ಸ್ಕಜಿಯನ್ನು ಕೈಬಿಟ್ಟು ಯುಎಸ್‌ಬಿಯನ್ನು ಹಿಡಿಯಿತು. ಆದರೆ ಆಗಿನ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಒಂದು ನೆಗೆಟಿವನ್ನು ಅಂಗುಲಕ್ಕೆ 4,000 ಬಿಂದುಗಳಂತೆ ಓದಿದರೆ ಎರಡು ಕೋಟಿಗೂ ಮಿಕ್ಕ ಬಿಂದುಗಳು, ಸುಮಾರು 64 ಮೆಗಾಬೈಟ್ ಮಾಹಿತಿ. ಅದನ್ನು ಸಾಗಿಸಲು ಲೆಕ್ಕದ ಪ್ರಕಾರವೇ ಮುಕ್ಕಾಲು ನಿಮಿಷದಷ್ಟು ಹೊತ್ತು. ಹೀಗಾಗಿ 2001ರ ನಿಕಾನ್ ಸೂಪರ್ ಕೂಲ್‌ಸ್ಕ್ಯಾನ್ 4000 ಇಡಿ 400 ಮೆಗಾಬಿಟ್ ವೇಗದ ಫೈರ್‌ವೈರ್ ಆಯ್ದುಕೊಂಡಿತು. ಅಷ್ಟರಲ್ಲಿ 480 ಮೆಗಾಬಿಟ್ಟಿನ ಯುಎಸ್‌ಬಿ 2.0 ಹುಟ್ಟಿತ್ತು, ಕ್ರಮೇಣ ಫೈರ್‌ವೈರ್ ಮೂಲೆಗೆ ಸರಿಯಿತು. ಯಂತ್ರ ಗಟ್ಟಿಯಾಗಿಯೇ ಉಳಿಯಿತು, ಅದರ ಮಾತು ತಿಳಿದ ಕಂಪ್ಯೂಟರುಗಳು ಇಲ್ಲವಾದವು.

ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಇದು ಹೊಸ ಅನುಭವವೇನಲ್ಲ. ಲಿಪಿ ಓದಲು ಬಂದ ಮಾತ್ರಕ್ಕೆ ಭಾಷೆ ಬಂದಂತಲ್ಲ. ಒಂದು ತುದಿಗೆ ಫೈರ್‌ವೈರ್, ಇನ್ನೊಂದಕ್ಕೆ ಯುಎಸ್‌ಬಿ ಇರುವ ಅಗ್ಗದ ಕೇಬಲ್ಲುಗಳು ಮಾರಾಟಕ್ಕಿವೆ. ತುದಿ ಕೂಡಿದರೂ ಎರಡರ ನಡುವೆ ಮಾತು ನಡೆಯುವುದಿಲ್ಲ. ಬೇಕಾದದ್ದು ದುಭಾಷಿ. ಡೆಸ್ಕ್‌ಟಾಪಿನಲ್ಲಿ ಖಾಲಿ ಸ್ಲಾಟ್ ಇದ್ದರೆ ಫೈರ್‌ವೈರ್ ಕಾರ್ಡ್ ಆ ಕೆಲಸ ಮಾಡುತ್ತದೆ. ಆಪಲ್ ಯಂತ್ರಗಳಲ್ಲಿ ಥಂಡರ್‌ಬೋಲ್ಟ್ ಅಡಾಪ್ಟರುಗಳನ್ನು ಒಂದಕ್ಕೊಂದು ಪೋಣಿಸಿ ಜೋಡಿಸಬಹುದಿತ್ತು. 2025ರ ಮ್ಯಾಕ್‌ಓಎಸ್ 26 ಆ ದಾರಿಯನ್ನೂ ಮುಚ್ಚಿತು. ಸ್ಕಜಿ ಸ್ಕ್ಯಾನರಿಗಂತೂ ಪಿಸಿಐ ಸ್ಲಾಟ್ ಇರುವ ಹಳೆಯ ಕಂಪ್ಯೂಟರೊಂದನ್ನು ಅದಕ್ಕೆಂದೇ ಮೀಸಲಿಡುವುದು ಲೇಸು. ಅಂತರ್ಜಾಲದ ಸಂಪರ್ಕ ಅದಕ್ಕೆ ಬೇಡ. ಕೇಬಲ್ ಸಿಕ್ಕಿಸುವ ಮುನ್ನ ಎರಡನ್ನೂ ಆರಿಸಿರಬೇಕು. ತಯಾರಕರ ತಂತ್ರಾಂಶ ಹೊಸ ವಿಂಡೋಸಿನಲ್ಲಿ ನಡೆಯದಿದ್ದರೆ ವ್ಯೂಸ್ಕ್ಯಾನ್ ಇದೆ, ಲಿನಕ್ಸಿನಲ್ಲಿ ಸೇನ್ ಇದೆ. ಇದಾವುದೂ ಕೈಗೂಡದಿದ್ದರೆ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಕ್ಯಾಮೆರಾದಿಂದ ಚಿತ್ರ ತೆಗೆಯಬಹುದು.

ತಡಮಾಡಿದರೆ ಏನು ಕಳೆದುಕೊಳ್ಳುತ್ತೇವೆಂಬುದಕ್ಕೆ ನಿದರ್ಶನ ದೂರವಿಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರಿತವಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಇಂದು ಅದರ ಪ್ರತಿಯೊಂದೂ ನೋಡಲು ಸಿಗದು. ಚಿತ್ರಮಂದಿರಗಳಲ್ಲಿ ಓಡಿದ ಸಿನಿಮಾದ ಗತಿಯೇ ಹೀಗಾದರೆ, ಒಂದೇ ಪ್ರತಿಯಿರುವ ಮನೆಯ ನೆಗೆಟಿವಿನ ಪಾಡೇನು?

ಆದರೂ ಯಂತ್ರಕ್ಕೆ ದುಭಾಷಿಯನ್ನು ಹುಡುಕುವುದು ಅರ್ಧ ಕೆಲಸ ಮಾತ್ರ. ಚಿತ್ರದಲ್ಲಿ ನಿಂತವರು ಯಾರು, ಯಾವ ಚಾಳು, ಯಾವ ವರ್ಷ ಎಂಬುದನ್ನು ಯಾವ ಸ್ಕ್ಯಾನರೂ ಓದಲಾರದು. ಅದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಪ್ರತಿ ಕಡತದ ಜೊತೆಗೂ ಅವರ ಬಾಯಿಂದ ಕೇಳಿದ ಹೆಸರುಗಳನ್ನು ಕನ್ನಡದಲ್ಲಿ ಬರೆದಿಡೋಣ. ಕೇಬಲ್ಲು ನಾಳೆಯೂ ಸಿಕ್ಕೀತು; ಆ ಹೆಸರುಗಳನ್ನು ಮಾತ್ರ ಇಂದೇ ಕೇಳಬೇಕು.