ಬಾಸೆಲ್ ಮಿಶನ್: ದೂರದವರು ಕಟ್ಟಿದ್ದು, ಊರವರು ಉಳಿಸಿಕೊಂಡದ್ದು

ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಜಿಲ್ಲೆಯ ಚರಿತ್ರೆಯ ಬಗ್ಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಸಹಕಾರಿ ಹಿರಿಯರ ಬಗ್ಗೆ ಬಲ್ಲವರು ಬರೆಯುತ್ತಾರೆ. ನಾವು ಆರಿಸಿಕೊಂಡದ್ದು ಒಂದು ಕ್ರೈಸ್ತ ಮಿಶನ್ನಿನ ಕಥೆ. ಸಂಘ ನಡೆಸುವ ನಮಗೆ ಅದರಿಂದ ಕಲಿಯಲಿಕ್ಕೆ ಬಹಳ ಉಂಟು.

ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದಲ್ಲಿ ಬಾಸೆಲ್ ಎಂಬ ಪಟ್ಟಣ ಉಂಟು. ಅಲ್ಲಿ 1815ರಲ್ಲಿ ಈ ಮಿಶನ್ ಹುಟ್ಟಿತು. ಇದಕ್ಕೆ ಸರಕಾರದ ಖಜಾನೆ ಇರಲಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಭೆಗಳ ಜನ, ಅದರಲ್ಲೂ ರೈತರು, ಕುಶಲಕರ್ಮಿಗಳು, ಕೈಲಾದಷ್ಟು ಕೊಟ್ಟು ನಡೆಸಿದರು. 1855ರ ಸುಮಾರಿಗೆ ಒಂದು ಹೊಸ ಕ್ರಮ ಸುರುವಾಯಿತು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಅಲ್ಲಿಯ ಒಂದು ಚಿಲ್ಲರೆ ನಾಣ್ಯ, ಅಷ್ಟೇ ವಂತಿಗೆ. ಮನೆಮನೆಗೆ ಹೋಗಿ ಒಟ್ಟು ಮಾಡಲಿಕ್ಕೆ ಜನ ನೇಮಕ. ಬಡವನೂ ಕೊಡಬಹುದಾದ ಮೊತ್ತ, ಆದರೆ ವಾರ ತಪ್ಪಬಾರದು. ಬೆಳಿಗ್ಗೆ ಅರ್ಧ ಲೀಟರ್ ಹಾಲು ತಂದು ಹಾಕುವ ನಮ್ಮ ಸದಸ್ಯರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಆ ಚಿಲ್ಲರೆ ಎರಡು ಖಂಡ ದಾಟಿತು. ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾ ದೇಶಕ್ಕೆ, 1828ರಲ್ಲಿ ಹೋದ ಮೊದಲ ನಾಲ್ವರೂ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮಿಶನ್ ಮತ್ತೂ ಜನ ಕಳಿಸಿತು. ಅಲ್ಲಿಯ ಮಿಶನ್ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾರ್ಶಿ ಎಂಬ ಸ್ಥಳೀಯರು 1870ರ ದಶಕದಲ್ಲಿ ಒಂದು ದ್ವೀಪದಿಂದ ಕೊಕ್ಕೊ ಬೀಜ ತಂದು ಬೆಳೆಸಿದರು. ಘಾನಾ ಮುಂದೆ ಕೊಕ್ಕೊಗೆ ಹೆಸರಾಯಿತು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಸಿ ಕ್ಯಾಂಪ್ಕೊಗೆ ಹಾಕುವ ನಮ್ಮವರು ಈ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ಬದಲಾಗಿ, ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರದಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿಯಲ್ಲೂ ಕೆಲಸ ಸುರುವಾಯಿತು. ಬಂದವರು ಊರಿನ ಭಾಷೆ ಕಲಿತರು. ಶಾಲೆ ತೆರೆದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಮಾಡಿದರು. ಅದರಲ್ಲಿ 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ, ಬೆಲೆ ಒಂದು ದುಡ್ಡು. ಇವತ್ತಿಗೂ ಜುಲೈ 1 ಪತ್ರಿಕಾ ದಿನ. ಮೋಗ್ಲಿಂಗರು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟೆಲ್ ಅವರು ಕನ್ನಡ ಪಂಡಿತರ ಸಹಾಯದಿಂದ ವರ್ಷಗಟ್ಟಲೆ ದುಡಿದು ಮಾಡಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳು, ನಮ್ಮ ಗಾದೆಗಳೂ ಸೇರಿ.

ಮಿಶನರಿಗಳ ಮುಖ್ಯ ಉದ್ದೇಶ ಕ್ರೈಸ್ತ ಧರ್ಮ ಪ್ರಚಾರವೇ ಆಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಅದರ ಬಗ್ಗೆ ಆಗಲೂ ಈಗಲೂ ಬೇರೆ ಬೇರೆ ಅಭಿಪ್ರಾಯಗಳು ಇವೆ. ಆದರೆ ಅದರಿಂದ ಎದ್ದ ಒಂದು ಕಷ್ಟ, ಮತ್ತು ಅದಕ್ಕೆ ಅವರು ಕಂಡುಕೊಂಡ ಪರಿಹಾರ, ಇವೆರಡು ಚರಿತ್ರೆಯಲ್ಲಿ ದೊಡ್ಡವು. ಮತ ಬದಲಿಸಿದವನಿಗೆ ಮನೆಯೂ ಇಲ್ಲ, ಕುಲಕಸುಬೂ ಇಲ್ಲ, ಗೇಣಿಗೆ ಭೂಮಿಯೂ ಇಲ್ಲ ಎಂಬ ಸ್ಥಿತಿ. ಬರೇ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಮೊದಲು ಬೇಸಾಯ ಮಾಡಿಸಿ ನೋಡಿದರು, ಅಷ್ಟು ಕೈಹತ್ತಲಿಲ್ಲ. ಕಡೆಗೆ ಕೈಕಸುಬಿಗೆ ಇಳಿದರು. 1851ರಲ್ಲಿ ಹಾಲರ್ ಎಂಬ ನೇಯ್ಗೆ ಬಲ್ಲವರು ಬಂದು ಮಗ್ಗ ಹಾಕಿದರು. ಇಲ್ಲಿಯ ಖಾಕಿ ಬಟ್ಟೆಗೆ ದೊಡ್ಡ ಹೆಸರು ಬಂತು. 1865ರಲ್ಲಿ ಪ್ಲೆಬ್ಸ್ಟ್ ಅವರು ನೇತ್ರಾವತಿಯ ಆವೆಮಣ್ಣು ಪರೀಕ್ಷೆ ಮಾಡಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಸುರು ಮಾಡಿದರು. ಎತ್ತುಗಳನ್ನು ಕಟ್ಟಿ ಮಣ್ಣು ಅರೆಯುತ್ತಿದ್ದ ಕಾಲ ಅದು. ವರ್ಷ ವರ್ಷ ಮುಳಿಹುಲ್ಲು ಹೊದಿಸುವ ಕಷ್ಟ, ಬೇಸಿಗೆಯಲ್ಲಿ ಬೆಂಕಿಯ ಭಯ ಕಂಡ ಹಿರಿಯರಿಗೆ ಹೆಂಚು ಬಂದದ್ದು ಎಂಥಾ ಉಪಕಾರ ಅಂತ ಗೊತ್ತು. ಮಂಗಳೂರು ಹೆಂಚು ಹಡಗು ಹತ್ತಿ ಆಫ್ರಿಕಕ್ಕೂ ಹೋಯಿತು.

ಇಷ್ಟೆಲ್ಲಾ ಇದ್ದರೂ ಒಂದು ಕೊರತೆ ಇತ್ತು. ಕೆಲಸ ಊರವರಿಗೆ ಸಿಕ್ಕಿತು, ಒಡೆತನ ಬಾಸೆಲಿನಲ್ಲೇ ಉಳಿಯಿತು. 1914ರಲ್ಲಿ ಮಹಾಯುದ್ಧ ಸುರುವಾದಾಗ ಅದರ ಫಲ ಕಂಡಿತು. ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು, ಬ್ರಿಟಿಷ್ ಸರಕಾರಕ್ಕೆ ಶತ್ರುಗಳು. ಅವರನ್ನು ಬಂಧನದಲ್ಲಿಟ್ಟರು, ದೇಶದಿಂದ ಕಳಿಸಿದರು. ಕಾರ್ಖಾನೆಗಳು ಕೈತಪ್ಪಿ, 1919ರಲ್ಲಿ ರಚನೆಯಾದ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ಕಟ್ಟಿದ್ದು ಕೆಲವೇ ವರ್ಷಗಳಲ್ಲಿ ಹೋಯಿತು.

ಹಾಗಾದರೆ ಉಳಿದದ್ದು ಏನು? ಊರಿನ ಜನರ ಕೈಗೆ ಬಂದದ್ದು ಮಾತ್ರ ಉಳಿಯಿತು. ಹೆಂಚಿನ ಕೆಲಸ ನೋಡಿ ಕಲಿತ ಸ್ಥಳೀಯರು ನದಿ ದಡದಲ್ಲಿ ತಮ್ಮದೇ ಕಾರ್ಖಾನೆ ಹಾಕಿದ್ದರು. ಕಾಂಕ್ರೀಟಿನ ಕಾಲ ಬರುವವರೆಗೆ ಅವು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ಸಭೆಗಳನ್ನು ಊರಿನ ಬೋಧಕರು, ಹಿರಿಯರು ನಡೆಸಿದರು. ಇವತ್ತು ಆ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ ನಮ್ಮವರ ಆಡಳಿತದಲ್ಲೇ ಇವೆ. ಬಾಸೆಲಿನ ಮೂಲ ಸಂಸ್ಥೆಯೂ 2001ರಲ್ಲಿ ಬೇರೆ ಮಿಶನ್‌ಗಳ ಜೊತೆ ಸೇರಿ 'ಮಿಶನ್ 21' ಆಯಿತು.

ದಲಿತರ ಶಿಕ್ಷಣದ ಕೆಲಸಕ್ಕೂ ಊರವರೇ ಇಳಿದರು. ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿ, ತಮ್ಮ ಜಾತಿಯವರ ಬಹಿಷ್ಕಾರ ಸಹಿಸಿ ದುಡಿದರು. ಮಿಶನ್ನಿನ ಆಸ್ತಿಗೆ ಕಂಟಕ ಬಂದ ಅದೇ 1914ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರ ಮುಂದಾಳುತನದಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿತು. ಅದರ ಶೇರು ಇದ್ದದ್ದು ಊರಿನವರದ್ದೇ. ಆ ಬ್ಯಾಂಕ್ ಎರಡು ಮಹಾಯುದ್ಧ ದಾಟಿ ನೂರು ವರ್ಷ ಪೂರೈಸಿತು.

ನಮ್ಮ ಸಂಘದ ಮಟ್ಟಿಗೆ ಇದರಿಂದ ಎರಡು ಮಾತು. ಒಂದು, ಅರ್ಧ ಬಾಟ್ಸೆನ್ನಿನ ಮಾತು. ದೊಡ್ಡವನೊಬ್ಬ ಒಮ್ಮೆ ಕೊಡುವುದಕ್ಕಿಂತ ನೂರು ಜನ ತಪ್ಪದೆ ಕೊಡುವ ಸಣ್ಣದು ಗಟ್ಟಿ. ಮಳೆಗಾಲದಲ್ಲಿ ಹಾಲು ಕೊಟ್ಟು, ಬೇಸಿಗೆಯಲ್ಲಿ ಎರಡು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹೋಟೆಲಿಗೆ ಕೊಟ್ಟರೆ ಸಂಘ ನಿಲ್ಲುವುದು ಹೇಗೆ? ಎರಡನೆಯದು, ಒಡೆತನದ ಮಾತು. ಕಟ್ಟಡಕ್ಕೆ ಅನುದಾನ ಬರಲಿ, ಶೀತಲ ಘಟಕಕ್ಕೆ ಸಬ್ಸಿಡಿ ಬರಲಿ, ಸಂತೋಷವೇ. ಆದರೆ ಮಹಾಸಭೆಗೆ ಬಂದು, ಜಮಾಖರ್ಚು ಓದಿ, ಪ್ರಶ್ನೆ ಕೇಳುವ ಸದಸ್ಯರು ಇಲ್ಲದಿದ್ದರೆ, ಹೊರಗಿನ ಒಂದು ಗಾಳಿಗೆ ಎಲ್ಲವೂ ಹಾರಿಹೋದೀತು. ನಮ್ಮ ಮಕ್ಕಳಲ್ಲಿ ಕೆಲವರಾದರೂ ಲೆಕ್ಕ ಬರೆಯಲು, ಹಾಲು ಪರೀಕ್ಷಿಸಲು ಈಗಲೇ ಕಲಿಯಬೇಕು.

ಬಾಸೆಲಿನ ಜನ ಕಾಣದ ಊರಿಗಾಗಿ ವಾರ ವಾರ ನಾಣ್ಯ ಎತ್ತಿಟ್ಟರು. ನಾವು ಎತ್ತಿಡಬೇಕಾದದ್ದು ನಮ್ಮದೇ ಊರಿಗಾಗಿ.