ಕಿಡ್ನಿಯ ನೀರುಗಂಟಿ: ಎಳನೀರು ಕೆಲವರಿಗೆ ಯಾಕೆ ಬೇಡ?

ಸಿಂಧಘಟ್ಟದ ಸುತ್ತಮುತ್ತ ಯಾರಿಗಾದರೂ ಹುಷಾರಿಲ್ಲ ಎಂದರೆ ನಾವು ಎಳನೀರು ಹಿಡಿದುಕೊಂಡೇ ನೋಡಲು ಹೋಗುತ್ತೇವೆ. ಮದ್ದೂರಿನ ಎಳನೀರು ಮಾರುಕಟ್ಟೆ ಇರುವ ಜಿಲ್ಲೆ ನಮ್ಮದು. ಆದರೆ ಕಿಡ್ನಿ ಕೆಟ್ಟವರಿಗೆ ಡಾಕ್ಟರು ಅದನ್ನೇ ಬೇಡ ಎನ್ನುತ್ತಾರೆ. ಯಾಕೆ? ಇದರ ಉತ್ತರದ ಹಿಂದೆ ನೂರು ವರ್ಷದ ಚರಿತ್ರೆ ಇದೆ.

1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ರೋಗಿಗಳು ಸುಸ್ತಾಗಿ, ಚರ್ಮ ಕಪ್ಪಾಗಿ, ಕೊನೆಗೆ ಸಾಯುತ್ತಿದ್ದರು. ಕಿಡ್ನಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಅವರಲ್ಲಿ ಹಾಳಾಗಿತ್ತು. ಹಲವರಲ್ಲಿ ಅದನ್ನು ತಿಂದಿದ್ದು ಕ್ಷಯ.

ಆ ಪುಟ್ಟ ಗ್ರಂಥಿ ಹೋದರೆ ಜೀವ ಯಾಕೆ ಹೋಗಬೇಕು? 1930ರ ದಶಕದಲ್ಲಿ ಅಮೆರಿಕದ ರಾಬರ್ಟ್ ಲೋಬ್ ಇಂಥ ರೋಗಿಗಳ ರಕ್ತ ಪರೀಕ್ಷಿಸಿದರು. ಸೋಡಿಯಂ, ಅಂದರೆ ಉಪ್ಪಿನ ಅಂಶ, ತೀರಾ ಕಡಿಮೆ ಇತ್ತು. ಹೆಚ್ಚು ಉಪ್ಪು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಗ್ರಂಥಿ ಇಲ್ಲದೆ ಕಿಡ್ನಿ ಉಪ್ಪನ್ನು ಮೂತ್ರದಲ್ಲಿ ಸುಮ್ಮನೆ ಹರಿಯಬಿಡುತ್ತಿತ್ತು.

ಹಾಗಾದರೆ ಗ್ರಂಥಿ ಕಳಿಸುತ್ತಿದ್ದ ಆಜ್ಞೆ ಯಾವುದು? 1953ರಲ್ಲಿ ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ತಂಡ ಅದನ್ನು ಹರಳಾಗಿ ಬೇರ್ಪಡಿಸಿತು. 500 ಕಿಲೋ ದನದ ಅಡ್ರಿನಲ್ ಗ್ರಂಥಿಯಿಂದ ಸಿಕ್ಕಿದ್ದು 21 ಮಿಲಿಗ್ರಾಂ, ಒಂದು ಚಿಟಿಕೆಯೂ ಅಲ್ಲ. ಆ ಹಾರ್ಮೋನಿಗೆ ಆಲ್ಡೊಸ್ಟೆರಾನ್ ಎಂಬ ಹೆಸರಾಯಿತು.

ಅದರ ಕೆಲಸ ನಮ್ಮ ಊರ ನೀರುಗಂಟಿಯ ಕೆಲಸದಂತೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ, ಹೊರಬರುವ ಮೂತ್ರ ಒಂದೆರಡು ಲೀಟರ್ ಮಾತ್ರ. ಕೊನೆಯ ಕಾಲುವೆಯ ಜೀವಕೋಶಗಳಿಗೆ ಆಲ್ಡೊಸ್ಟೆರಾನ್ ಬಂದು ಸೋಡಿಯಂ ತೂಬು ತೆರೆಸುತ್ತದೆ, ಪಂಪುಗಳನ್ನು ಹೆಚ್ಚಿಸುತ್ತದೆ. ಸೋಡಿಯಂ ರಕ್ತಕ್ಕೆ ವಾಪಸ್ ಬರುತ್ತದೆ, ನೀರು ಅದರ ಹಿಂದೆಯೇ ಬರುತ್ತದೆ. ಅತ್ತ ಪೊಟ್ಯಾಸಿಯಂ ಮೂತ್ರಕ್ಕೆ ಹೋಗುತ್ತದೆ. ಈ ಪಂಪನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌಗೆ ನೊಬೆಲ್ ಸಿಕ್ಕಿದ್ದು 40 ವರ್ಷದ ನಂತರ, 1997ರಲ್ಲಿ.

ನೀರುಗಂಟಿ ಅತಿಯಾದರೂ ಕಷ್ಟ. ಅಮೆರಿಕದ ಜೆರೋಮ್ ಕಾನ್ ಅವರ ಬಳಿಗೆ ಬಂದಿದ್ದ 34 ವರ್ಷದ ಹೆಂಗಸಿಗೆ ಬಿಪಿ ಏರಿತ್ತು, ಪೊಟ್ಯಾಸಿಯಂ ಇಳಿದು ಕೈಕಾಲು ಸೋಲುತ್ತಿದ್ದವು. ಅಡ್ರಿನಲ್ ಗ್ರಂಥಿಯಲ್ಲಿದ್ದ ಗಡ್ಡೆ ತೆಗೆದ ಮೇಲೆ ಆಕೆ ಸುಧಾರಿಸಿಕೊಂಡರು. 1955ರಲ್ಲಿ ಕಾನ್ ಇದನ್ನು ಲೋಕಕ್ಕೆ ತಿಳಿಸಿದರು. ಮುಂದೆ ಈ ಹಾರ್ಮೋನನ್ನು ತಡೆಯುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಬಂತು. ಬಿಪಿ, ಹೃದಯ, ಲಿವರ್ ತೊಂದರೆ ಇರುವ ಎಷ್ಟೋ ಜನ ಇಂದು ಅದನ್ನು ನುಂಗುತ್ತಿದ್ದಾರೆ.

ಈಗ ಎಳನೀರಿನ ವಿಷಯ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಆರೋಗ್ಯವಂತರ ಕಿಡ್ನಿ ಹೆಚ್ಚಾದದ್ದನ್ನು ಹೊರಹಾಕುತ್ತದೆ, ಅವರು ಧಾರಾಳವಾಗಿ ಕುಡಿಯಲಿ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸಬಹುದು, ಜೀವಕ್ಕೇ ಅಪಾಯ. ಆ ಮಾತ್ರೆ ನುಂಗುವವರೂ ಜಾಗ್ರತೆ ಇರಬೇಕು. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಸೇರಿಸಿರುತ್ತಾರೆ.

ಹಾಗಾಗಿ ಕಿಡ್ನಿ ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವ ಮೊದಲು ಮನೆಯವರನ್ನು ಒಂದು ಮಾತು ಕೇಳೋಣ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ನಾವಾಗಿ ನಿಲ್ಲಿಸುವುದು ಬೇಡ.